ಜಾರಿದ ಸೊಂಟದ ಕೀಲನ್ನು ಕೂರಿಸಿದ ಮೇಲೂ ಆರ್ತ್ರೋಸ್ಕೋಪಿ ಯಾಕೆ ಬೇಕಾಗುತ್ತೆ?

ಆರ್ತ್ರೋಸ್ಕೋಪಿ ಅಂದರೆ ಸಣ್ಣ ರಂಧ್ರಗಳಿಂದ ಕ್ಯಾಮೆರಾ ತೂರಿಸಿ ಕೀಲಿನೊಳಗೆ ಮಾಡುವ ಆಪರೇಷನ್; ಅದು ಎಲ್ಲರಿಗೂ ಬೇಕಾಗಲ್ಲ. ಕೀಲಿನೊಳಗೆ ಮೂಳೆ ಅಥವಾ ಮೃದ್ವಸ್ಥಿಯ (ಕೀಲಿನ ಮೂಳೆಗಳ ಮೇಲಿನ ನುಣುಪಾದ ಹೊದಿಕೆ) ಚೂರು ಉಳಿದಿದ್ದರೆ, ಇಲ್ಲವೇ ನೋವು, ಏನೋ ಸಿಕ್ಕಿಕೊಂಡಂಥ ಅನುಭವ ಹೋಗದಿದ್ದರೆ ಮಾಡುತ್ತಾರೆ.

ತೊಡೆಮೂಳೆಯ ಗುಂಡು ಆಳವಾದ ಗುಳಿಯಲ್ಲಿ ಕೂತಿರುತ್ತೆ. ಅದು ಹೊರಬರಬೇಕಾದರೆ ಭಾರೀ ಪೆಟ್ಟೇ ಬೀಳಬೇಕು; ಕಾರು ಡಿಕ್ಕಿಯಾದಾಗ ಮೊಣಕಾಲು ಡ್ಯಾಶ್‌ಬೋರ್ಡಿಗೆ ಬಡಿದು ಗುಂಡು ಹಿಂದಕ್ಕೆ ಜಾರುವುದೇ ಹೆಚ್ಚು. ಆಗ ಗುಳಿಯ ಅಂಚಿಗೆ ವಾಷರಿನಂತೆ ಕೂತಿರುವ ಲೇಬ್ರಮ್ ಹರಿಯಬಹುದು, ಗುಂಡನ್ನು ಗುಳಿಗೆ ಕಟ್ಟುವ ಒಳಗಿನ ಲಿಗಮೆಂಟ್ ಕಿತ್ತು ಬರಬಹುದು, ಚೂರುಗಳು ಅಲ್ಲೇ ಉಳಿಯಬಹುದು. ಒಂದು ಸಣ್ಣ ಚೂರು ಸಾಕು, ಹೆಜ್ಜೆ ಹೆಜ್ಜೆಗೂ ನುಣುಪಾದ ಮೃದ್ವಸ್ಥಿಯನ್ನು ಉಜ್ಜಿ ಸವೆಸಲು. ಬರೀ ಮೃದ್ವಸ್ಥಿಯ ಚೂರಾದರೆ ಎಕ್ಸ್‌ರೇಯಲ್ಲಿ ಕಾಣುವುದೇ ಇಲ್ಲ, ಸಿಟಿ ಸ್ಕ್ಯಾನಿನಲ್ಲೂ ತಪ್ಪಿಸಿಕೊಳ್ಳಬಹುದು.

ಕಾಲನ್ನು ಎಳೆದು ಕೀಲಿನಲ್ಲಿ ಸುಮಾರು 1 ಸೆಂ.ಮೀ. ಜಾಗ ಮಾಡಿಕೊಂಡು, ಸಣ್ಣ ರಂಧ್ರಗಳಿಂದ ಕ್ಯಾಮೆರಾ, ಉಪಕರಣ ತೂರಿಸಿ, ಚೂರು ತೆಗೆದು, ಹರಿದ ಅಂಚನ್ನು ಹೊಲಿಯುತ್ತಾರೆ. ಗುಳಿಯ ಮೂಳೆಯೇ ದೊಡ್ಡದಾಗಿ ಮುರಿದಿದ್ದರೆ ತೆರೆದ ಆಪರೇಷನ್ನೇ ಸರಿ. ತಾಜಾ ಬಿರುಕಿನ ಮೂಲಕ ಆರ್ತ್ರೋಸ್ಕೋಪಿ ಮಾಡುವಾಗ ಕೀಲಿನೊಳಗೆ ಹರಿಸುವ ದ್ರವ ಹೊಟ್ಟೆಯೊಳಗೆ ನುಗ್ಗುವ ಅಪಾಯವೂ ಇದೆ.

ಇನ್ನೊಂದು ಮಾತು: ರಕ್ತ ಪೂರೈಕೆ ತಪ್ಪಿ ಗುಂಡಿನ ಮೂಳೆ ಸಾಯುವುದನ್ನು ಆರ್ತ್ರೋಸ್ಕೋಪಿ ತಡೆಯಲ್ಲ. ಅದಕ್ಕೆ ಮುಖ್ಯ, ಸಾಧ್ಯವಾದರೆ ಪೆಟ್ಟು ಬಿದ್ದ 6 ಗಂಟೆಯೊಳಗೆ ಕೀಲನ್ನು ಕೂರಿಸುವುದು. ಆಮೇಲೂ ತಿಂಗಳುಗಟ್ಟಲೆ ನಿಗಾ ಇಡಬೇಕು.