ದೋಣಿಗಳ ಪ್ಯಾರಾ ಬೇಡ

ಕಾರವಾರದ ಮಿತ್ರರಿಗೆ,

ಗೆಲಾಕ್ಸಿಗಳೂ ಅವುಗಳ ದೊಡ್ಡ ಗುಂಪುಗಳಾದ ಗುಚ್ಛಗಳೂ ನೆರೆಯವುಗಳೊಡನೆ ದಿಕ್ಕು ಹೊಂದಿಸಿಕೊಂಡು ನೀಳವಾಗಿರುವುದರ ಬಗ್ಗೆ ನೀವು ಬರೆದ ‘ಗೆಲಾಕ್ಸಿಗಳ ಶಿಸ್ತು’ ಲೇಖನ ತಲುಪಿದೆ. ಈಗಿರುವ ರೂಪದಲ್ಲಿ ಪ್ರಕಟಿಸಲಾರೆವು. ವಿಷಯ ಗಟ್ಟಿಯಾಗಿದೆ, ಆದ್ದರಿಂದಲೇ ಇಷ್ಟುದ್ದದ ಪತ್ರ. ಉಳಿದವರಿಗೆ ಶಿರಸಿಯಿಂದ ಎರಡು ಸಾಲಿನ ಕಾರ್ಡು ಹೋಗುತ್ತದೆ.

ಕಾಳಿ ನದಿಯ ಅಳಿವೆಯಲ್ಲಿ ಲಂಗರು ಹಾಕಿದ ದೋಣಿಗಳೆಲ್ಲ ಒಂದೇ ದಿಕ್ಕಿಗೆ ಮುಖ ಮಾಡಿ ನಿಲ್ಲುವುದರಿಂದ ಶುರು ಮಾಡಿದ್ದೀರಿ. ಹಗ್ಗಕ್ಕೆ ಅಂಟಿದ ಪಾಚಿಯನ್ನೂ ಬಿಡದೆ ಚೆನ್ನಾಗಿ ಬರೆದಿದ್ದೀರಿ. ಆದರೆ ಓದುಗ ದಾರಿ ತಪ್ಪುವುದು ಅಲ್ಲಿಯೇ. ಇಳಿತ ಹೋಗಿ ಉಬ್ಬರ ಬಂದರೆ ದೋಣಿ ತಿರುಗಿ ನಿಲ್ಲುತ್ತದೆ. ಗೆಲಾಕ್ಸಿ ಗುಚ್ಛವನ್ನು ಯಾವ ಪ್ರವಾಹವೂ ಹಾಗೆ ತಿರುಗಿಸಿಲ್ಲ. ಅದು ಬೆಳೆದದ್ದೇ ಹಾಗೆ. ದ್ರವ್ಯವು ಎಲ್ಲ ಕಡೆಯಿಂದ ಸಮನಾಗಿ ಬಂದು ಬೀಳುವುದಿಲ್ಲ. ನೆರೆಯ ಗುಚ್ಛದತ್ತ ಚಾಚಿದ ಎಳೆಗಳ ಗುಂಟ ಬರುತ್ತದೆ, ಬಂದ ದಿಕ್ಕಿಗೇ ಗುಚ್ಛ ನೀಳವಾಗುತ್ತದೆ. ನಡುವಿನ ದೈತ್ಯ ಗೆಲಾಕ್ಸಿ ಕೂಡ ಅದೇ ದಾರಿಯಲ್ಲಿ ಬಂದ ಚಿಕ್ಕವನ್ನು ನುಂಗುತ್ತ ಅತ್ತಲೇ ಉದ್ದವಾಗುತ್ತದೆ. ದೈತ್ಯ ಚಾಚಿದ ದಿಕ್ಕಿಗೂ ಗುಚ್ಛ ಚಾಚಿದ ದಿಕ್ಕಿಗೂ ಇರುವ ಈ ಹೊಂದಿಕೆಯನ್ನು 1968ರಲ್ಲೇ ತೋರಿಸಿದವರು ಖಗೋಳ ವಿಜ್ಞಾನಿ ಜಿ. ಎನ್. ಶಾಸ್ತ್ರಿ. ನೆರೆಹೊರೆಯ ಗುಚ್ಛಗಳು ಒಂದರತ್ತ ಒಂದು ಚಾಚಿರುವ ಬಗ್ಗೆ 1982ರಲ್ಲಿ ಬರೆದ ಬ್ರೂನೋ ಬಿಂಗೆಲಿ ನಿಮ್ಮ ಲೇಖನದಲ್ಲಿದ್ದಾರೆ, ಶಾಸ್ತ್ರಿಗಳು ಇಲ್ಲ. ಸೇರಿಸಿ.

‘ಪ್ರತಿಯೊಂದು ಗೆಲಾಕ್ಸಿಯೂ ನೆರೆಯದರತ್ತ ಮುಖ ಮಾಡಿದೆ’ ಎಂದು ಮೂರು ಕಡೆ ಬರೆದಿದ್ದೀರಿ. ಒಂದು ಕಡೆಯೂ ನಿಜವಲ್ಲ. ಇದು ಬಹಳಷ್ಟನ್ನು ಅಳೆದು ಲೆಕ್ಕ ಹಾಕಿದಾಗ ಕಾಣುವ ಒಲವು. ಯಾವುದೋ ಒಂದು ಜೋಡಿಯನ್ನು ಹಿಡಿದರೆ ಸುಳ್ಳಾಗಬಹುದು. ಕೆಂಪು ಛಾಯೆಯ ದೊಡ್ಡ ಅಂಡಾಕಾರದ ಗೆಲಾಕ್ಸಿಗಳಲ್ಲಿ ಅದು ಸ್ಪಷ್ಟ, ಸುರುಳಿಯವುಗಳಲ್ಲಿ ತೀರಾ ಕ್ಷೀಣ. ಹೀಗಿರುವಾಗ ನಡುವೆ ಸುರುಳಿ ಗೆಲಾಕ್ಸಿಯಾದ ಆಂಡ್ರೊಮಿಡಾದ ಚಿತ್ರ ಅಂಟಿಸಿದ್ದೇಕೆ?

ನಾಲ್ಕನೆಯ ಪುಟದಲ್ಲಿ ಒಂದೇ ಸಾಲಿನಲ್ಲಿ ಹೇಳಿ ದಾಟಿಬಿಟ್ಟ ಸಂಗತಿಯೇ ನಿಮ್ಮ ನಿಜವಾದ ಲೇಖನ. ಹಬಲ್ ದೂರದರ್ಶಕದ ಚಿತ್ರಗಳಲ್ಲಿ 65 ದೂರದ ಗುಚ್ಛಗಳನ್ನು ಪರಿಶೀಲಿಸಿದ ತಂಡ 2017ರಲ್ಲಿ ಪ್ರಕಟಿಸಿದ ಫಲಿತಾಂಶ ಅದು: ಸುಮಾರು ಸಾವಿರ ಕೋಟಿ ವರ್ಷಗಳ ಹಿಂದೆಯೇ ಈ ಹೊಂದಿಕೆ ಇತ್ತು. ವಿಶ್ವಕ್ಕೆ ಈಗ 1380 ಕೋಟಿ ವರ್ಷ. ಅಷ್ಟು ಬೇಗ ಅದು ಹೇಗೆ ಸಾಧ್ಯವಾಯಿತು? ಅಲ್ಲಿಂದ ಆರಂಭಿಸಿ. ದೋಣಿಗಳನ್ನು ಮೀನುಗಾರಿಕೆಯ ಲೇಖನಕ್ಕೆ ಎತ್ತಿಡಿ.

ಕೊನೆಯ ಪುಟದಲ್ಲಿ ಮನುಷ್ಯರೂ ನೆರೆಹೊರೆಯೊಡನೆ ಹೀಗೆಯೇ ಬಾಳಬೇಕು ಎಂಬ ಉಪದೇಶವನ್ನು ನಾನೇ ಹೊಡೆದು ಹಾಕಿದ್ದೇನೆ. ಹೊಸ ಪ್ರತಿ 800 ಪದ ದಾಟದಿರಲಿ. ತಿದ್ದಲು ಸಾಲುಗಳ ನಡುವೆ ಜಾಗ ಬಿಡಿ.

ಸಂಪಾದಕ