ಶಹಾಬಾದಿನ ತಮ್ಮನಿಗೆ: ಆ ಆರ್ಕೆಸ್ಟ್ರಾ ನಮ್ಮಂಥವರಿಗೂ ಇದೆ

ತಮ್ಮಾ, ಮುಂದಿನ ತಿಂಗಳು ಶಹಾಬಾದ್ ಬಿಟ್ಟು ವಾಷಿಂಗ್ಟನ್ ಪಕ್ಕದ ವರ್ಜೀನಿಯಾಕ್ಕೆ ಬರುತ್ತಿದ್ದೀಯ ಅಂತ ಬರೆದಿದ್ದೀಯ. ಚಳಿ ಹೇಗೆ, ಜೋಳದ ಹಿಟ್ಟು ಸಿಗುತ್ತಾ, ತಬಲಾ ತರಲಾ ಅಂತ ಕೇಳಿದ್ದೀಯ. ಜೊತೆಗೆ, ಅಲ್ಲಿ ನ್ಯಾಷನಲ್ ಸಿಂಫನಿ ಆರ್ಕೆಸ್ಟ್ರಾ ಅಂತ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತ ನುಡಿಸುವ ದೊಡ್ಡ ವಾದ್ಯವೃಂದ ಇದೆಯಂತೆ, ಅದು ಸರ್ಕಾರದ್ದಾ, ಭಜನೆಯಲ್ಲಿ ಬಾರಿಸುವ ನನ್ನಂಥವನು ಹೋಗಿ ಕೂತರೆ ಏನಾದರೂ ತಿಳಿಯುತ್ತಾ ಅಕ್ಕಾ ಅಂತಲೂ ಕೇಳಿದ್ದೀಯ.

ಜಾಕೆಟ್ ಇಲ್ಲೇ ತಗೋ. ನಾನು ಕಲಬುರಗಿಯ ಸೂಪರ್ ಮಾರ್ಕೆಟ್‌ನಲ್ಲಿ ಕೊಂಡ ಸ್ವೆಟರ್ ನಂಬಿಕೊಂಡು ಜನವರಿಯಲ್ಲಿ ಬಂದಿಳಿದವಳು, ಉಳಿದದ್ದು ನೀನೇ ಊಹಿಸಿಕೊ. ಹಿಟ್ಟು ಸಿಗುತ್ತದೆ, ಆದರೆ ಹಳೆಯದು, ಜಿಗಿ ಇರುವುದಿಲ್ಲ, ಎಸರು ಹಾಕಿ ಎಷ್ಟು ನಾದಿದರೂ ರೊಟ್ಟಿ ಬಡಿಯುವಾಗ ಅಂಚು ಸೀಳುತ್ತದೆ. ಶೇಂಗಾ ಹಿಂಡಿ ತಾ. ತಬಲಾ ತಾ, ಡಗ್ಗಾ ಎಲ್ಲಿಡಬೇಕು ಅಂತ ವಿಮಾನದವರನ್ನೇ ಕೇಳು.

ಈಗ ಆರ್ಕೆಸ್ಟ್ರಾ ವಿಷಯ. ಇದನ್ನು ಕೇಳಿದ್ದು ನೀನೊಬ್ಬನೇ ನೋಡು, ಬೇರೆಯವರೆಲ್ಲ ಬಾಡಿಗೆ, ಕಾರು, ವೀಸಾ ಅಷ್ಟೇ ಕೇಳುತ್ತಾರೆ.

ಹೆಸರಲ್ಲಿ ನ್ಯಾಷನಲ್ ಇದ್ದರೂ ಅದು ಸರ್ಕಾರಿ ಇಲಾಖೆ ಅಲ್ಲ. ಟಿಕೆಟ್ ಮತ್ತು ದಾನಿಗಳ ದುಡ್ಡು ಇಲ್ಲದಿದ್ದರೆ ನಡೆಯುವುದಿಲ್ಲ. ಶುರುವಾದದ್ದು 1931ರಲ್ಲಿ, ಅಮೆರಿಕದ ಮಹಾ ಆರ್ಥಿಕ ಕುಸಿತದ ನಡುವೆ, ಜನರಿಗೆ ಕೆಲಸವೇ ಇಲ್ಲದ ಕಾಲದಲ್ಲಿ. ಅಂಥಾ ಹೊತ್ತಿನಲ್ಲಿ ಅದನ್ನು ಕಟ್ಟಿದವರು ಹ್ಯಾನ್ಸ್ ಕಿಂಡ್ಲರ್. ನೆದರ್‌ಲೆಂಡ್ಸ್‌ನ ರಾಟರ್‌ಡ್ಯಾಮ್‌ನಲ್ಲಿ ಹುಟ್ಟಿ ಇಲ್ಲಿಗೆ ಬಂದ ಚೆಲ್ಲೋ (ಕೂತು ನುಡಿಸುವ ದೊಡ್ಡ ಪಿಟೀಲಿನಂಥ ವಾದ್ಯ) ವಾದಕ, ಅಂದರೆ ನಮ್ಮ ಹಾಗೆ ಹೊರಗಿನವರೇ. 1949ರವರೆಗೆ ಅವರೇ ನಡೆಸಿದರು. 1970ರಲ್ಲಿ ಬಂದ ಅಂತಾಲ್ ದೋರಾತಿ ಹಂಗೇರಿಯವರು. 2017ರಲ್ಲಿ ಬಂದ ಜಾನಂದ್ರೆಯಾ ನೊಸೆಡಾ ಇಟಲಿಯವರು. ದೇಶದ ಹೆಸರು ಹೊತ್ತ ತಂಡದ ಮುಂದೆ ಕೋಲು ಹಿಡಿದು ನುಡಿಸುವವರನ್ನು ನಡೆಸುವ ಕಂಡಕ್ಟರ್ ಆಗಿ ನಿಂತವರಲ್ಲಿ ಇಷ್ಟು ಜನ ಹೊರಗಿನವರು! ನನಗಂತೂ ಇದು ಹೆಮ್ಮೆಯ ವಿಷಯ, ನನ್ನದೇನೂ ಪಾಲಿಲ್ಲದಿದ್ದರೂ.

ಇವರಲ್ಲಿ ನನ್ನ ಮನಸ್ಸಿಗೆ ತೀರಾ ಹತ್ತಿರದವರು ಮ್ಸ್ತಿಸ್ಲಾವ್ ರೊಸ್ತ್ರೊಪೊವಿಚ್. ಅವರದ್ದೂ ಚೆಲ್ಲೋನೇ. ರಷ್ಯಾದಲ್ಲಿದ್ದಾಗ ಸೋವಿಯತ್ ಸರ್ಕಾರಕ್ಕೆ ಬೇಡವಾಗಿದ್ದ ಲೇಖಕ ಸೊಲ್ಜೆನಿತ್ಸಿನ್‌ಗೆ ಮನೆಯಲ್ಲಿ ಜಾಗ ಕೊಟ್ಟರು, ಕಿರುಕುಳ ಶುರುವಾಯಿತು, 1974ರಲ್ಲಿ ಸೋವಿಯತ್ ದೇಶ ಬಿಟ್ಟರು. 1977ರಲ್ಲಿ ಈ ಆರ್ಕೆಸ್ಟ್ರಾದ ಹೊಣೆ ಹೊತ್ತರು, ಮರುವರ್ಷವೇ ಅಲ್ಲಿ ಅವರ ಪೌರತ್ವ ಕಿತ್ತುಕೊಂಡರು. ಮತ್ತೆ ಮಾಸ್ಕೋಗೆ ಹೋಗಿದ್ದು 1990ರಲ್ಲಿ, ಒಬ್ಬರೇ ಅಲ್ಲ, ಇಡೀ ವಾಷಿಂಗ್ಟನ್ ಆರ್ಕೆಸ್ಟ್ರಾನೇ ಕರೆದುಕೊಂಡು. ನಾವು ಓಸಿಐ ಕಾರ್ಡ್ (ವಿದೇಶಿ ಪೌರರಾದ ಭಾರತೀಯ ಮೂಲದವರಿಗೆ ಭಾರತ ಕೊಡುವ ಕಾರ್ಡ್) ಹಿಡಿದು ಹೈದರಾಬಾದಿಗೆ ಇಳಿದು ಕಲಬುರಗಿ ಬಸ್ ಹತ್ತುವವರು, ಊರಿಗೆ ಹೋಗಕ್ಕೇ ಬಿಡದ ಕಷ್ಟ ನಮಗೆಲ್ಲಿ ಗೊತ್ತು.

ಹಾಗಂತ ಇಲ್ಲಿನ ಬಾಗಿಲು ಯಾವಾಗಲೂ ಎಲ್ಲರಿಗೂ ತೆರೆದಿತ್ತು ಅಂದುಕೊಳ್ಳಬೇಡ. ಇವರು 1971ರವರೆಗೆ ನುಡಿಸುತ್ತಿದ್ದದ್ದು ಕಾನ್‌ಸ್ಟಿಟ್ಯೂಷನ್ ಹಾಲ್‌ನಲ್ಲಿ. ಆ ಹಾಲ್‌ನ ಒಡೆತನದ ಮಹಿಳಾ ಸಂಘ 1939ರಲ್ಲಿ ಕಪ್ಪು ಗಾಯಕಿ ಮರಿಯನ್ ಆಂಡರ್ಸನ್‌ಗೆ ವೇದಿಕೆ ಕೊಡಲಿಲ್ಲ. ಆಕೆ ಲಿಂಕನ್ ಸ್ಮಾರಕದ ಮೆಟ್ಟಿಲ ಮೇಲೆ ನಿಂತು ಹಾಡಿದರು, ಕೇಳಲು ಸುಮಾರು 75,000 ಜನ ಸೇರಿದ್ದರು. ಶರಣರ ನಾಡಿನಿಂದ ಬರುವ ನಿನಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

1971ರಲ್ಲಿ ವಾಷಿಂಗ್ಟನ್‌ನಲ್ಲಿ ಕೆನಡಿ ಸೆಂಟರ್ ಅನ್ನುವ ಕಲಾಕೇಂದ್ರ ಆದ ಮೇಲೆ ಅದೇ ಇವರ ಮನೆಯಾಯಿತು. ಆದರೂ ಟಿಕೆಟ್ ಮೇಲೆ ಯಾವ ಹಾಲ್ ಅಂತ ನೋಡಿಯೇ ಹೊರಡು. ಸೂಟ್ ಬೇಡ, ಇಸ್ತ್ರಿ ಮಾಡಿದ ಶರ್ಟ್ ಸಾಕು. ಮೊದಲು ಓಬೋ ಅನ್ನುವ ವಾದ್ಯ ಒಂದು ಸ್ವರ ಕೊಡುತ್ತದೆ, ಎಲ್ಲರೂ ಅದಕ್ಕೆ ಶ್ರುತಿ ಸೇರಿಸುತ್ತಾರೆ. ನಿನ್ನ ಕಿವಿಗೆ ಅದೇ ಸಾಕು, ಮುಂದಿನದು ತಾನಾಗಿ ಹಿಡಿಯುತ್ತೀಯ. ಕಷ್ಟ ಇರೋದು ಸುಮ್ನೆ ಕೂರುವುದರಲ್ಲಿ. ಬಂದೇ ನವಾಜ್ ಉರುಸಿನ ಕವಾಲಿಯಲ್ಲಿ ವಾಹ್ ಅನ್ನದೆ ಕೂತರೆ ಹಾಡುವವನಿಗೇ ಬೇಜಾರು. ಇಲ್ಲಿ ಒಂದು ಕೃತಿಯ ಭಾಗ ಮುಗಿದು ಇನ್ನೊಂದು ಶುರುವಾಗುವ ನಡುವೆಯೂ ಚಪ್ಪಾಳೆ ಹೊಡೆಯುವುದಿಲ್ಲ. ಕಂಡಕ್ಟರ್ ಕೈ ಇಳಿಸಿ ನಮ್ಮ ಕಡೆ ತಿರುಗಲಿ, ಆಮೇಲೆ ಹೊಡೆ.

ಇನ್ನೊಂದು ಮಾತು. ಈ ಆರ್ಕೆಸ್ಟ್ರಾ ಮೆಮೋರಿಯಲ್ ಡೇ (ಮಡಿದ ಸೈನಿಕರನ್ನು ನೆನೆಯುವ ದಿನ, ಮೇ ತಿಂಗಳ ಕೊನೆಯ ಸೋಮವಾರ) ಹಿಂದಿನ ಭಾನುವಾರ ಮತ್ತು ಇಲ್ಲಿನ ಸ್ವಾತಂತ್ರ್ಯ ದಿನ ಜುಲೈ 4ಕ್ಕೆ ಇಲ್ಲಿನ ಸಂಸತ್ ಕಟ್ಟಡದ ಮುಂದಿನ ಹುಲ್ಲಿನಲ್ಲಿ ಪುಕ್ಕಟೆ ನುಡಿಸುತ್ತದೆ. ಚಾದರ ಹಾಸಿಕೊಂಡು ಮಂದಿ ಕೂರುವುದು ನೋಡಿದರೆ ಶರಣಬಸವೇಶ್ವರ ಜಾತ್ರೆಯೇ. ನಮ್ಮಪ್ಪ ಒಂದು ಬೇಸಿಗೆ ನನ್ನ ಹತ್ತಿರ ಬಂದಿದ್ದರು. ಏಕತಾರಿ ಹಿಡಿದು ಕಡಕೋಳ ಮಡಿವಾಳಪ್ಪನವರ ತತ್ವಪದ ಹಾಡಿದರೆ ಹೊತ್ತು ಹೋದದ್ದೇ ತಿಳಿಯದ ಮನುಷ್ಯ. ಜುಲೈ 4ಕ್ಕೆ ಪಾರ್ಕಿಂಗ್ ಸಿಗಲ್ಲ, ಮಗು ಸಣ್ಣದು, ಅಪ್ಪನಿಗೆ ಇದೆಲ್ಲ ಏನು ತಿಳಿಯುತ್ತದೆ ಅಂತ ನಾವೇ ತೀರ್ಮಾನ ಮಾಡಿ ಮನೆಯಲ್ಲಿ ಟಿವಿ ಹಚ್ಚಿ ಕೂರಿಸಿದೆವು. ಚೈಕೋವ್‌ಸ್ಕಿಯ 1812 ಅನ್ನುವ ಕೃತಿ ಬಂತು, ಕೊನೆಗೆ ನಿಜವಾದ ತೋಪು ಹಾರಿಸುತ್ತಾರಲ್ಲ, ಅಪ್ಪ ಎದ್ದು ಟಿವಿ ಹತ್ತಿರ ಹೋಗಿ ನಿಂತರು. "ಯವ್ವಾ, ಇದು ಎಲ್ಲಿ ನಡದದ?" ಅಂದರು. ಇಲ್ಲೇ ಅಪ್ಪ, ಮನೆಯಿಂದ ಅರ್ಧ ಗಂಟೆ ದಾರಿ ಅಂದೆ. "ಮತ್ ನಾವ್ ಇಲ್ಲ್ಯಾಕ ಕುಂತೀವಿ?" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಅವರು ಮತ್ತೆ ಬರಲಿಲ್ಲ, ಬರುವ ಹಾಗೂ ಆಗಲಿಲ್ಲ. ಆ ಪ್ರಶ್ನೆ ಈಗಲೂ ಪ್ರತಿ ಜುಲೈಗೆ ಚುಚ್ಚುತ್ತದೆ.

ಅದಕ್ಕೇ, ನಾಳೆ ನಿನ್ನ ಅಪ್ಪ ಅವ್ವ ಬಂದಾಗ ಅವರಿಗೆ ತಿಳಿಯಲ್ಲ ಅಂತ ನೀನೇ ಮೊದಲು ಹೇಳಬೇಡ. ಕರೆದುಕೊಂಡು ಹೋಗು. ಕಾರು ಬೇಡ, ಮೆಟ್ರೋ ಹಿಡಿ. ತಪಾಸಣೆ ಸಾಲು ಉದ್ದ ಇರುತ್ತದೆ, ಮಧ್ಯಾಹ್ನವೇ ಹೊರಡಬೇಕು, ಗಾಜಿನ ಬಾಟಲಿ ಒಳಗೆ ಬಿಡುವುದಿಲ್ಲ, ನೀರನ್ನು ಪ್ಲಾಸ್ಟಿಕ್ ಬಾಟಲಿಯಲ್ಲೇ ತಗೊಂಡು ಹೋಗು. ಹೊರಡುವ ತಾರೀಖು ಗಟ್ಟಿಯಾದ ಮೇಲೆ ಬರೆ, ಬಾಡಿಗೆ ವಿಷಯ ಆಗ ಮಾತಾಡೋಣ.