ಕಾರ್ಬನ್ ಮಾನಾಕ್ಸೈಡ್ ಇಲ್ಲ, ಆದರೂ ಗ್ಯಾಸ್ ವಾಸನೆ ಏಕೆ?

ಪ್ರಶ್ನೆ: ಪ್ರೊಪೇನ್‌ನಿಂದ ನಡೆಯುವ ಕ್ಯಾಟಲಿಟಿಕ್ ಹೀಟರ್ ಒಂದನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಿದೆವು. ಕಾರ್ಬನ್ ಮಾನಾಕ್ಸೈಡ್ ಹೆಚ್ಚುಕಡಿಮೆ ಸೊನ್ನೆ. ಆದರೂ ಹತ್ತಿರ ಹೋದರೆ ಗ್ಯಾಸ್ ವಾಸನೆ. ಮೀಟರನ್ನು ನಂಬಬೇಕೇ, ಮೂಗನ್ನೇ?

ಉತ್ತರ: ಮೊದಲು ಕೊಳವೆಯ ಜೋಡಣೆಗಳಿಗೆ ಸೋಪಿನ ನೀರು ಹಚ್ಚಿ ನೋಡಿ. ಅಲ್ಲಿ ಗುಳ್ಳೆ ಏಳದಿದ್ದರೆ ಮೂಗು, ಮೀಟರ್ ಎರಡನ್ನೂ ನಂಬಬಹುದು.

ಈ ಹೀಟರ್‌ನಲ್ಲಿ ಜ್ವಾಲೆಯಿಲ್ಲ. ಪ್ಲಾಟಿನಂ ಲೇಪಿಸಿದ ನಾರಿನ ಹಾಸಿಗೆಯೊಳಗೆ ಅನಿಲ ಹಿಂದಿನಿಂದ, ಆಮ್ಲಜನಕ ಮುಂದಿನಿಂದ ಬಂದು ಸೇರುತ್ತವೆ; ಪ್ಲಾಟಿನಂ ನೆರವಿನಿಂದ ಅನಿಲ ಅಲ್ಲಿ ಜ್ವಾಲೆಯಿಲ್ಲದೆಯೇ ಉರಿಯುತ್ತದೆ. ಆಮ್ಲಜನಕ ಸಿಗದ ಅಥವಾ ಹಾಸಿಗೆ ತಣ್ಣಗಿರುವ ಕಡೆ ಪ್ರೊಪೇನ್ ಅರೆಬರೆ ಉರಿಯುವುದಿಲ್ಲ, ಪ್ರೊಪೇನ್ ಆಗಿಯೇ ಹೊರಬೀಳುತ್ತದೆ. ಕಾರ್ಬನ್ ಮಾನಾಕ್ಸೈಡ್ ಮೀಟರಿಗೆ ಅದು ಕಾಣುವುದಿಲ್ಲ. ಉರಿ ಕೆಟ್ಟರೆ ಕಾರ್ಬನ್ ಮಾನಾಕ್ಸೈಡ್ ಏರಿಯೇ ತೀರುತ್ತದೆ ಎಂದು ಜ್ವಾಲೆಯ ಒಲೆಗಳಿಂದ ಕಲಿತ ಅಭ್ಯಾಸ ಇಲ್ಲಿ ನಮ್ಮನ್ನು ಮೋಸಗೊಳಿಸುತ್ತದೆ.

ಉರಿಯದ ಇಂಧನವನ್ನು ಅಳೆಯಲು ಎಫ್‌ಐಡಿ, ಅಂದರೆ ಜ್ವಾಲಾ ಅಯಾನೀಕರಣ ಶೋಧಕ ಬೇಕು. ಹಾಸಿಗೆಯ ಅಂಚುಗಳು ತಣ್ಣಗಿರುವುದರಿಂದ ಸಾಮಾನ್ಯವಾಗಿ ಅಲ್ಲಿಯೇ ಹೆಚ್ಚು ನುಸುಳುತ್ತದೆ. ಆದ್ದರಿಂದ ನಡುವೆ ಒಂದು ನಳಿಕೆ ಹಿಡಿದು ತೆಗೆದ ಮಾದರಿಗೆ ನಾನು ಬೆಲೆ ಕೊಡುವುದಿಲ್ಲ. ಹೀಟರ್ ಮೇಲೆ ಹುಡ್ ಇರಿಸಿ, ಹೊರಬರುವುದೆಲ್ಲವನ್ನೂ ಸೆಳೆದು, ಚೆನ್ನಾಗಿ ಬೆರೆತ ಮೇಲೆ ಮಾದರಿ ತೆಗೆಯಿರಿ.

ಬಳಿಕ ಇಂಗಾಲದ ಲೆಕ್ಕ. ಉದಾಹರಣೆಗೆ, ಕೋಣೆಯ ಗಾಳಿಯಲ್ಲಿ ಮೊದಲೇ ಇದ್ದುದನ್ನು ಕಳೆದ ಮೇಲೆ ಕಾರ್ಬನ್ ಡೈಆಕ್ಸೈಡ್ 2900 ಪಿಪಿಎಂ (ಹತ್ತು ಲಕ್ಷದಲ್ಲಿ ಇಷ್ಟು ಭಾಗ), ಕಾರ್ಬನ್ ಮಾನಾಕ್ಸೈಡ್ 10, ಪ್ರೊಪೇನ್ 30 ಇದೆ ಎನ್ನಿ. ಪ್ರೊಪೇನ್‌ನ ಒಂದು ಅಣುವಿನಲ್ಲಿ 3 ಇಂಗಾಲ, ಹಾಗಾಗಿ 30 ಎಂಬುದು 90 ಆಗುತ್ತದೆ. ಒಟ್ಟು 3000ದಲ್ಲಿ 90, ಅಂದರೆ ಇಂಧನದ ಶೇ 3ರಷ್ಟು ಉರಿಯದೆ ಹೋಗಿದೆ. ಮೂರರಿಂದ ಗುಣಿಸಲು ಮರೆತರೆ ಶೇ 1 ಎಂದು ಬರೆದು ನೆಮ್ಮದಿಯಿಂದ ಇರುತ್ತೀರಿ. ಉಪಕರಣವೇ ಇಂಗಾಲದ ಲೆಕ್ಕದಲ್ಲಿ ತೋರಿಸುತ್ತಿದ್ದರೆ ಮತ್ತೆ ಗುಣಿಸಬೇಡಿ. ಈ ತಪ್ಪೂ ಅಪರೂಪವಲ್ಲ.

ಹುಡ್‌ನಲ್ಲಿ ತಾಜಾ ಗಾಳಿ ಧಾರಾಳ. ಮುಚ್ಚಿದ ಕೋಣೆಯಲ್ಲಿ ಆಮ್ಲಜನಕ ಇಳಿದಂತೆ ನುಸುಳುವಿಕೆ ಹೆಚ್ಚಬಹುದು, ಅದನ್ನು ಪ್ರತ್ಯೇಕವಾಗಿ ಪರೀಕ್ಷಿಸಬೇಕು. ದೂಳು, ಗಂಧಕ, ಸಿಲಿಕೋನ್ ಆವಿ ತಗುಲಿ ಪ್ಲಾಟಿನಂನ ಶಕ್ತಿ ಕುಂದಿದ ಹಳೆಯ ಹಾಸಿಗೆಯನ್ನೂ ಒಮ್ಮೆ ಅಳೆಯಿರಿ.

ಇನ್ನು, ನೀವು ಮೂಸಿ ನೋಡಿದ್ದು ಯಾವಾಗ? ಹಾಸಿಗೆ ಕಾಯುವವರೆಗೆ ಅನಿಲ ಬಹುಪಾಲು ಹಾಗೆಯೇ ಹೊರಬರುತ್ತದೆ. ಕವಾಟ ತೆರೆದ ಕ್ಷಣದಿಂದಲೇ ದಾಖಲಿಸಿ, ಆ ನಿಮಿಷಗಳನ್ನು ನಂತರದ ಸ್ಥಿರ ಹಂತದ ಸರಾಸರಿಗೆ ಬೆರೆಸದೆ ಬೇರೆಯಾಗಿ ವರದಿ ಮಾಡಿ.